ನಾನು ಸುತ್ತಿದ ಕಂಡಕಿಗಳು

ಎರಡು ದಿನ ಹಾಜರು, ಹನ್ನೊಂದು ದಿನ ಗೈರು. ಮತ್ತೆ ಎರಡು ದಿನ ಹಾಜರು, ಹತ್ತು ದಿನ ಗೈರು. ಬೆಟಗೇರಿಯ ಹೆಣ್ಣುಮಕ್ಕಳ ಕನ್ನಡ ಶಾಲೆಗೆ ವರ್ಗವಾಗಿ ಬಂದ ಮೊದಲ ವಾರ ಏಳನೇ ಇಯತ್ತೆಯ ಹಾಜರಿ ಪುಸ್ತಕ ತೆರೆದು ಕೂತಾಗ, ಒಂದು ಹೆಸರಿನ ಮುಂದಿನ ಸಾಲು ನನ್ನ ತಲೆ ಕೆಡಿಸಿಬಿಟ್ಟಿತು. ಜ್ವರ ಅನ್ನೋಣವೆಂದರೆ ಯಾವ ಜ್ವರವೂ ಹೀಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ. ಮೈಗಳ್ಳಿ ಅನ್ನೋಣವೆಂದರೆ ಆ ಎರಡು ದಿನವಾದರೂ ಯಾಕೆ ಬರಬೇಕು?

ಬಂದ ದಿನ ನೋಡಿದರೆ ಹುಡುಗಿ ಭಾಳ ಚುರುಕು. ನಾನು ಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕ ಬರೆದು ಈ ಕಡೆ ತಿರುಗುವಷ್ಟರಲ್ಲಿ ಆಕೆಯ ಪಾಟಿಯ ಮೇಲೆ ಉತ್ತರ ಇರುತ್ತಿತ್ತು. ಒಮ್ಮೆ ನನ್ನ ಉತ್ತರವೇ ತಪ್ಪಿತ್ತು. ಆಕೆ ಬಾಯಿ ಬಿಟ್ಟು ಹೇಳಲಿಲ್ಲ, ಪಾಟಿಯನ್ನು ನನಗೆ ಕಾಣುವಂತೆ ಚೂರು ವಾರೆ ಹಿಡಿದಳು, ಅಷ್ಟೇ. "ನಿನ್ನಿ ಯಾಕ ಬರಲಿಲ್ಲ?" ಎಂದು ಕೇಳಿದರೆ ಮಾತ್ರ ನೆಲ ನೋಡುತ್ತ "ಮನ್ಯಾಗ ಕೆಲಸಿತ್ರೀ ಅಕ್ಕೋರ" ಅನ್ನುವಳು.

ನಮ್ಮ ಶಾಲೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಅಕ್ಕೋರು ಅನ್ನುತ್ತಿದ್ದರು. ಅವರು ಈ ಹುಡುಗಿಯ ಆಸೆ ಬಿಟ್ಟು ಬಹಳ ದಿನವಾಗಿತ್ತು. "ನೇಕಾರ ಓಣಿ ಹುಡುಗ್ಯಾರು ಹಿಂಗ. ಹೆಸರು ಕಮಿ ಮಾಡಿಬಿಡ್ರಿ. ನಾಳೆ ತಪಾಸಣಿಗೆ ಸಾಹೇಬ್ರು ಬಂದ್ರ ಉತ್ತರಾ ಕೊಡಾವ್ರು ನೀವೋ ನಾನೋ?" ಎಂದರು.

ಹೆಸರು ಕಮಿ ಮಾಡುವುದು ಅಂದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ. ಆದರೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಆಗಿನ ಕಾಲಕ್ಕೆ ಸಣ್ಣದಲ್ಲ. ಮುಲ್ಕಿ ಪಾಸಾದವಳಿಗೆ ಮಾಸ್ತರಿಕೆ ಸಿಗುತ್ತಿತ್ತು, ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುವ ದಾರಿ ತೆರೆಯುತ್ತಿತ್ತು. ಆ ಓಣಿಯಿಂದ ಏಳನೆಯವರೆಗೆ ಬಂದ ಹೆಣ್ಣುಮಗಳು ಇವಳೊಬ್ಬಳೇ. ಮನೆಯಲ್ಲಿ ಆಗಲೇ ಗಂಡು ನೋಡುವ ಮಾತು ನಡೆದಿತ್ತು. ಈ ವರ್ಷ ಪರೀಕ್ಷೆ ತಪ್ಪಿತೋ, ಬರುವ ವರ್ಷ ಇನ್ಯಾವುದೋ ಊರಲ್ಲಿ ಇನ್ಯಾರದೋ ಮನೆಯ ಒಲೆ ಮುಂದೆ ಇರುತ್ತಿದ್ದಳು. ನಾನು ಗೆರೆ ಎಳೆಯಲಿಲ್ಲ.

ನನ್ನ ಹಟಕ್ಕೆ ಕಾರಣ ಇತ್ತು. ನಾನು ಲಕ್ಷ್ಮೇಶ್ವರದವಳು. ಗಂಡ ತೀರಿಕೊಂಡಾಗ ನನಗೆ ಹದಿನಾರು. ಬಂಧುಬಳಗವೆಲ್ಲ ಒಂದು ಮೂಲೆ ತೋರಿಸಿ ಇಲ್ಲಿ ಕೂಡು ಅಂದಾಗ, ನಮ್ಮಪ್ಪ ಒಬ್ಬನೇ ಎದ್ದು ನಿಂತು ನನ್ನನ್ನು ಓದಿಸಿದ. ನನಗೆ ಪಗಾರ ಬರುವ ಹೊತ್ತಿಗೆ ಅವನೂ ಇರಲಿಲ್ಲ. ಬೆಟಗೇರಿಯಲ್ಲಿ ಒಬ್ಬ ಮುದುಕಿಯ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಹಿಡಿದಿದ್ದೆ. ದಿನಾ ಎರಡು ರೊಟ್ಟಿ ಬಡಿಯುವುದು, ಒಂದು ತಿನ್ನುವುದು, ಒಂದು ಮರುದಿನಕ್ಕೆ ಇಡುವುದು. ಶಾಲೆ ಬಿಟ್ಟ ಮೇಲೆ ಮರುದಿನ ಶಾಲೆಯ ಗಂಟೆ ಹೊಡೆಯುವವರೆಗೆ ನನ್ನ ಬಾಯಿಂದ ಒಂದು ಮಾತು ಹೊರಬೀಳಲು ಕಾರಣವೇ ಇರುತ್ತಿರಲಿಲ್ಲ. ಭಾನುವಾರಗಳಂತೂ ಕೇಳಲೇಬೇಡಿ. ಒಮ್ಮೊಮ್ಮೆ ಪಾತ್ರೆಗಳಿಗೇ ಪಾಠ ಹೇಳುತ್ತಿದ್ದೆ. ಸುತ್ತ ಅಷ್ಟು ಮಗ್ಗಗಳ ಸದ್ದು, ನಡುವೆ ನಾನೊಬ್ಬಳು ಸುಮ್ಮನೆ.

ಮುಂದೆ ನಾನು ಮಾಡಿದ ಕೆಲಸ ಹೇಳಲು ಇವತ್ತಿಗೂ ನಾಚಿಕೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಡ್ಡಾಯ ಶಿಕ್ಷಣದ ಕಾಯ್ದೆ ಬಂದಿತ್ತು, ಮಕ್ಕಳನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡ ಹಾಕಬಹುದಿತ್ತು. ಆ ಕಾಯ್ದೆ ಸಣ್ಣ ಮಕ್ಕಳಿಗೆ, ಇಷ್ಟು ದೊಡ್ಡ ಹುಡುಗಿಗೆ ಲಾಗೂ ಆಗುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ದೀಪಾವಳಿ ಮುಗಿದ ವಾರ, ಸಿಟ್ಟಿನ ಭರದಲ್ಲಿ, "ಮಗಳನ್ನು ನಿತ್ಯ ಶಾಲೆಗೆ ಕಳಿಸದಿದ್ದರೆ ಸರಕಾರದ ಕಾಯ್ದೆಯಂತೆ ದಂಡ, ತಪ್ಪಿದರೆ ಕೋರ್ಟು" ಎಂದು ಅವಳ ಅಪ್ಪನ ಹೆಸರಿಗೆ ಒಂದು ಚೀಟಿ ಬರೆದೆ. ಕೆಳಗೆ ಶಾಲೆಯ ಸಿಕ್ಕಾ ಒತ್ತಿದೆ. ದೊಡ್ಡ ಅಕ್ಕೋರಿಗೂ ಹೇಳಲಿಲ್ಲ. ಶಾಲೆಯ ಸಿಪಾಯಿಯ ಕೈಲಿ ಕಳಿಸಿಕೊಟ್ಟೆ.

ಹುಡುಗಿ ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಬರಬೇಕಾದ ಆ ಎರಡು ದಿನವೂ ಬರಲಿಲ್ಲ. ಕೊನೆಗೆ ಅವಳ ಓಣಿಯವಳೇ ಆದ ಐದನೇ ಇಯತ್ತೆಯ ಹುಡುಗಿಯೊಬ್ಬಳನ್ನು ನಿಲ್ಲಿಸಿ ಕೇಳಿದೆ.

"ಆಕಿ ಇನ್ನ ಬರೂದಿಲ್ಲಂತ್ರೀ ಅಕ್ಕೋರ. ನಿಮ್ಮ ಚೀಟಿ ಬಂತಲ್ರೀ, ಅದನ್ನ ಆಕೀನ ಓದಿದ್ಲಂತ. ಓದಿ ಮುಗದ ಮ್ಯಾಲೆ ಅವರಪ್ಪ, 'ನೀ ಓದಿದ್ದು ಇಷ್ಟಕ್ಕ ಸಾಕು' ಅಂದ್ನಂತ."

ಆ ಮನೆಯಲ್ಲಿ ಓದು ಬರುವವಳು ಆಕೆಯೊಬ್ಬಳೇ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ! ಏಳು ವರ್ಷ ಅಕ್ಷರ ಕಲಿತ ಹುಡುಗಿಯಿಂದ ಅವಳ ಅಪ್ಪನಿಗೇ ಕೋರ್ಟಿನ ಬೆದರಿಕೆ ಓದಿಸಿದ್ದೆ. ಅದೂ ಸುಳ್ಳು ಬೆದರಿಕೆ.

ಖಬರ ಓಣಿಯೆಲ್ಲ ಹಬ್ಬಿತ್ತು. ನಳದ ಹತ್ತಿರ ನಾನು ಕೊಡ ಹಿಡಿದು ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಯಾರೂ ಬಯ್ಯಲಿಲ್ಲ, ಬೈದಿದ್ದರೆ ಬಾಯಿಗೆ ಬಾಯಿ ಕೊಟ್ಟು ಹಗುರಾಗುತ್ತಿದ್ದೆ, ನನಗೇನು ಮಾತು ಕಡಿಮೆಯೇ? ಸುಮ್ಮನೆ ದಾರಿ ಬಿಡುತ್ತಿದ್ದರು, ಸರಕಾರದ ಮನುಷ್ಯರಿಗೆ ಬಿಡುವಂತೆ. ಖೋಲಿಯ ಯಜಮಾನಿ ಮುದುಕಿಯೂ ಹಿತ್ತಲ ಬಾಗಿಲಿಂದಲೇ ಮಾತಾಡಿಸತೊಡಗಿದಳು. ಊರಲ್ಲಿ ಒಬ್ಬಳೇ ಇರುವುದು ಒಂದು ತರಹ. ಊರು ನನ್ನನ್ನು ಒಬ್ಬಳೇ ಇರಲು ಬಿಟ್ಟುಬಿಡುವುದು ಬೇರೆ ತರಹ. ಆ ಹದಿನೈದು ದಿನ ಬಹಳ ಅತ್ತೆ.

ಒಂದು ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲು ದಾಟಿದರೆ ಪಡಸಾಲೆ, ಅದರ ತುಂಬ ಒಂದೇ ಕುಣಿಮಗ್ಗ. ಹುಡುಗಿಯ ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ನನ್ನನ್ನು ನೋಡಿದ, ಮಗ್ಗ ನಿಲ್ಲಿಸಲಿಲ್ಲ. ನಾನು "ಯಜಮಾನ್ರ" ಅಂದೆ. ಲಾಳಿ ಆ ಕಡೆಯಿಂದ ಈ ಕಡೆ ಬಂತು. ಇನ್ನೊಮ್ಮೆ ಅಂದೆ. ಈ ಕಡೆಯಿಂದ ಆ ಕಡೆ ಹೋಯಿತು. ಮಾತಾಡಲು ಮನಸ್ಸಿಲ್ಲದವನಿಗೆ ಮಗ್ಗದ ಸದ್ದಿನಂಥ ಆಸರೆ ಇನ್ನೊಂದಿಲ್ಲ.

ನಾನು ಹೋಗಲಿಲ್ಲ. ಗೋಡೆಗೆ ಆತು ಕೂತೆ. ಎದುರಿಗೆ ಹುಡುಗಿ ರಾಟಿ ತಿರುಗಿಸುತ್ತಿದ್ದಳು, ನನ್ನ ಮುಖ ನೋಡಲಿಲ್ಲ. ಕೂತು ನೋಡುತ್ತ ನೋಡುತ್ತ ನನಗೆ ಒಂದೊಂದೇ ತಿಳಿಯತೊಡಗಿತು. ಲಾಳಿಯ ಹೊಟ್ಟೆಯಲ್ಲಿ ಬೆರಳುದ್ದದ ಒಂದು ಕೊಳವೆ, ಅದಕ್ಕೆ ನೂಲು ಸುತ್ತಿರುತ್ತದೆ, ಅದೇ ಕಂಡಕಿ. ನೋಡನೋಡುವುದರಲ್ಲಿ ಒಂದು ಕಂಡಕಿ ಖಾಲಿ. ಹುಡುಗಿ ಇನ್ನೊಂದು ಸುತ್ತಿ ಬುಟ್ಟಿಗೆ ಹಾಕುವಷ್ಟರಲ್ಲಿ ಹಳೆಯದು ಮುಗಿದಿರುತ್ತದೆ. ಮಗ್ಗ ತಿನ್ನುತ್ತಲೇ ಇರುತ್ತದೆ, ಆಕೆ ಉಣಿಸುತ್ತಲೇ ಇರಬೇಕು.

ಅವಳ ಅವ್ವ ಒಳಗಿನಿಂದ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. "ಆಕಿ ರಾಟಿ ಬಿಟ್ಟು ಎದ್ಲಂದ್ರ ಮಗ್ಗ ನಿಂತಂಗ್ರೀ. ನನಗ ಒಲಿ, ನೀರು, ಸಣ್ಣ ಹುಡುಗ್ಯಾರಿಬ್ರ ಕೆಲಸನ ಮುಗಿಯಂಗಿಲ್ಲ. ಹಾಸು ಮುಗದಾಗಷ್ಟ ಆಕಿಗೆ ಬಿಡುವು" ಎಂದಳು.

ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳೇ ಹಾಸು. ಅದು ನೇಯ್ದು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೂತರೆ ಎರಡು ದಿನದ ಕೆಲಸ. ಆ ಎರಡು ದಿನ ಲಾಳಿ ಓಡುವುದಿಲ್ಲ, ರಾಟಿ ತಿರುಗುವುದಿಲ್ಲ. ನನ್ನ ಹಾಜರಿ ಪುಸ್ತಕದ ಜ್ವರ ಯಾವುದು ಎಂದು ಆಗ ಗೊತ್ತಾಯಿತು. ಆ ಹುಡುಗಿ ತನಗೆ ಸಿಕ್ಕ ಒಂದೇ ಬಿಡುವನ್ನು ಮಲಗಿ ಕಳೆಯಲಿಲ್ಲ, ಆಡಿ ಕಳೆಯಲಿಲ್ಲ. ಎರಡೂ ದಿನ ನನ್ನ ಶಾಲೆಗೆ ತಂದು ಸುರಿದಿದ್ದಳು. ನಾನು ಅವಳನ್ನು ಮೈಗಳ್ಳಿ ಎಂದುಕೊಂಡಿದ್ದೆ.

ಆ ಹೊತ್ತಿಗೆ ನನ್ನ ಬಾಯಿಂದ ಯೋಚನೆ ಮಾಡದೆ ಒಂದು ಮಾತು ಬಂತು. "ಬೆಳಿಗ್ಗೆ ಆರರಿಂದ ಹತ್ತರ ತನಕ ನಾ ಬರ್ತೀನಿ. ನನಗೂ ಒಂದು ರಾಟಿ ಕೊಡ್ರಿ. ಇಬ್ರೂ ಕೂಡಿ ದಿನದ ಕಂಡಕಿ ಸುತ್ತತೀವಿ. ಸುತ್ತಕೋತನ ಪಾಠಾ ಹೇಳತೀನಿ. ಹನ್ನೊಂದಕ್ಕ ಆಕೀನ ಶಾಲಿಗೆ ಬಿಡ್ರಿ."

ಅವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಾನು ಬೋಳು ಹಣೆ ಮುಟ್ಟಿಕೊಂಡು, "ನನ್ನಂಥಾಕಿ ಕೈ ಮದುವಿ ಸೀರಿ ನೂಲಿಗೆ ತಾಗಬಾರದು ಅಂದ್ರ ಅದೂ ಹೇಳ್ರಿ" ಅಂದೆ.

ಅದಕ್ಕೆ ಆ ಹೆಣ್ಣುಮಗಳು ಮೊದಲ ಸಲ ನಕ್ಕಳು. "ಅಯ್ಯ ನನ್ನವ್ವ! ಈ ಓಣ್ಯಾಗ ಅರ್ಧಾ ರಾಟಿ ತಿರುವಾವ್ರು ಗಂಡ ಸತ್ತಾವ್ರ ಅದಾರ. ನೂಲಿಗೇನ ಗೊತ್ತ ಯಾರ ಕೈ ಅಂತ?"

ಹದಿನಾರರಿಂದ ಆ ದಿನದವರೆಗೆ ಆ ವಿಷಯವನ್ನು ಯಾರೂ ನನ್ನೊಡನೆ ನಕ್ಕು ಮಾತಾಡಿರಲಿಲ್ಲ. ನೀರಿನ ತಂಬಿಗೆ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಕುಣಿಯಲ್ಲಿ ಕೂತವನು ಲಾಳಿ ಒಗೆಯುತ್ತಲೇ ಇದ್ದ. ಮರುದಿನ ಆರಕ್ಕೆ ಹೋದಾಗ ಗೋಡೆಗೆ ತೂಗುಹಾಕಿದ್ದ ಹಳೆಯ ರಾಟಿ ಕೆಳಗಿಳಿದಿತ್ತು.

ಹುಡುಗಿ ನನಗೆ ಕಲಿಸಿದಳು. ಬಲಗೈ ರಾಟಿ ತಿರುಗಿಸುತ್ತಿರಬೇಕು, ಎಡಗೈ ಬೆರಳ ನಡುವೆ ಎಳೆ ಬಿಗಿಯಾಗಿ ಜಾರಬೇಕು. ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ, ಸಡಿಲಾದರೆ ಕಂಡಕಿ ಲಾಳಿಯೊಳಗೆ ಕಳಚಿಕೊಂಡು ಗಂಟಾಗುತ್ತದೆ. ಮೂರನೇ ದಿನಕ್ಕೆ ನನ್ನ ತೋರುಬೆರಳು ಸೀಳಿತು. ಅವ್ವ ಒಂದು ಚಿಂದಿ ಸುತ್ತಿಕೊಟ್ಟಳು. ನಾನು ಅಕ್ಬರನಿಂದ ಹಿಡಿದು ಕೃಷ್ಣಾ ನದಿಯ ಉಪನದಿಗಳವರೆಗೆ ಹೇಳುತ್ತಿದ್ದೆ, ಹುಡುಗಿ ಸುತ್ತುತ್ತಲೇ ತಿರುಗಿ ಒಪ್ಪಿಸುತ್ತಿದ್ದಳು. ಅಪ್ಪ ಮಾತ್ರ ನನ್ನ ಕಂಡಕಿ ಸಿಕ್ಕಾಗಲೆಲ್ಲ ಲಾಳಿಯಿಂದ ಕಿತ್ತು ಹೊರಗೆ ಎಸೆಯುತ್ತಿದ್ದ. "ಯಾರು ಸುತ್ಯಾರಿದನ್ನ? ಇದೇನ ಕಂಡಕ್ಯೋ ಕಾಗಿ ಗೂಡೋ!" ಸುತ್ತಿದ್ದು ಯಾರೆಂದು ಅವನಿಗೆ ಗೊತ್ತಿಲ್ಲವೇ? ಎದುರಿಗೇ ಕೂತಿದ್ದೆ. ನಾಲ್ವತ್ತು ಹುಡುಗಿಯರನ್ನು ಒಂದು ಕಣ್ಣಿನಲ್ಲಿ ನಡುಗಿಸುವ ನಾನು, ಮೂಲೆಯಲ್ಲಿ ಫೇಲಾದ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡು ಮತ್ತೆ ಸುತ್ತುತ್ತಿದ್ದೆ.

ಮೂರನೇ ವಾರ ಬಯ್ಗುಳ ನಿಂತಿತು. ನನ್ನ ಕೈ ಕುದುರಿತು ಎಂದು ಹಿಗ್ಗಿ ಹೀರೇಕಾಯಿಯಾದೆ.

ಖರೇ ಹೇಳುತ್ತೇನೆ, ಆ ಬೆಳಗುಗಳು ನನ್ನ ಜೀವಮಾನದ ಒಳ್ಳೆಯ ಹೊತ್ತು. ಆಗ ಗದಗಿನ ಬೀದಿಗಳಲ್ಲಿ ಕನ್ನಡ ನಾಡು ಒಂದಾಗಬೇಕೆಂದು ಮೆರವಣಿಗೆಗಳು ನಡೆಯುತ್ತಿದ್ದವು. ಒಂದು ದಿನ ಹುಡುಗಿ ಅದೇನೆಂದು ಕೇಳಿದಳು. ಲಕ್ಷ್ಮೇಶ್ವರ ಮೊನ್ನೆ ಮೊನ್ನೆಯ ತನಕ ಒಂದು ಸಂಸ್ಥಾನದ ಊರು, ಶಿರಹಟ್ಟಿ ಇನ್ನೊಂದು ಸಂಸ್ಥಾನದ್ದು, ಗದಗ ಮುಂಬೈ ಸರಕಾರದ್ದು, ಮುಂಡರಗಿ ದಾಟಿ ಮುಂದೆ ಹೋದರೆ ನಿಜಾಮನ ಸೀಮೆ ಎಂದು ವಿವರಿಸಿದೆ. ಆಕೆ ರಾಟಿ ನಿಲ್ಲಿಸದೆ, "ಅಂದ್ರ ಹರದ ಹಾಸು ಕೆಚ್ಚಿದಂಗ ಅನ್ರಿ. ಒಂದೊಂದ ಎಳಿ ಹುಡುಕಿ ಕೂಡಸಬೇಕು" ಎಂದಳು. ನಾನು ಆಮೇಲೆ ಎಷ್ಟೋ ವರ್ಷ ಏಕೀಕರಣದ ಪಾಠವನ್ನು ಆಕೆಯ ಮಾತಿನಲ್ಲೇ ಹೇಳಿದೆ.

ಸಂಜೆಗೆ ಮಾತ್ರ ಅದೇ ಖೋಲಿ, ಅದೇ ಎರಡು ರೊಟ್ಟಿ. ಬೆಳಿಗ್ಗೆ ಅಷ್ಟು ಜನರ ನಡುವೆ ಕೂತು ಬಂದ ಮೇಲೆ ಸಂಜೆ ಮೊದಲಿಗಿಂತ ಭಾರವಾಗುತ್ತಿತ್ತು. ಯುಗಾದಿ ಹತ್ತಿರ ಬಂದಂತೆಲ್ಲ ಪರೀಕ್ಷೆ ಮುಗಿದ ಮೇಲೆ ನಾನೆಲ್ಲಿಗೆ ಹೋಗಲಿ ಎಂಬ ಯೋಚನೆ ಬರುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಪಾತ್ರೆಗಳಿಗೂ ಹೇಳಲಿಲ್ಲ.

ಸಂಕ್ರಾಂತಿಯ ನಂತರ ಪರೀಕ್ಷೆಯ ಫಾರ್ಮು ಬಂದಿತ್ತು. ಹಾಜರಿ ಹೇಗೋ ಕೂಡುತ್ತದೆಂದು ದೊಡ್ಡ ಅಕ್ಕೋರು ಒಪ್ಪಿದ್ದರು, ಇನ್ನು ಒಂದು ದಿನವೂ ತಪ್ಪಬಾರದೆಂದು ತಾಕೀತು ಮಾಡಿ. ಫಾರ್ಮಿಗೆ ತಂದೆಯ ಸಹಿ ಬೇಕಿತ್ತು. ಶಾಯಿಯ ದಬ್ಬಿ ಸಮೇತ ಕುಣಿಯ ಅಂಚಿಗೆ ಹೋಗಿ ನಿಂತೆ. ಆತ ಕಾಗದದ ಮೇಲಿನ ಸಿಕ್ಕಾ ನೋಡಿದ. ಆವತ್ತು ಮಗ್ಗ ನಿಲ್ಲಿಸಿದ.

"ನಿಮ್ಮ ಕಾಗದಕ್ಕ ನಾ ಹೆಬ್ಬಟ್ಟ ಒತ್ತೂದಿಲ್ರೀ ಅಕ್ಕೋರ."

ಯಾಕೆಂದು ಕೇಳುವ ಮುಖ ನನಗಿರಲಿಲ್ಲ. ಫಾರ್ಮು ಮರುದಿನ ಹೋಗಬೇಕು. ಹುಡುಗಿಯ ರಾಟಿ ನಿಂತಿತ್ತು. ಏನೇನೋ ಹೇಳಿ ಒಪ್ಪಿಸಬಹುದಿತ್ತು, ನನಗೆ ಮಾತಿಗೆ ಬರಗಾಲವಿಲ್ಲ. ಆದರೆ ಈ ಮನುಷ್ಯನಿಗೆ ಇನ್ನೊಂದು ಚತುರ ಮಾತು ಹೇಳಲು ನಾಲಿಗೆ ಏಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ. "ಆವತ್ತಿನ ಚೀಟಿ ಸುಳ್ಳಿತ್ತು" ಅಂದೆ. "ಇಷ್ಟು ದೊಡ್ಡ ಹುಡುಗೀಗೆ ಆ ಕಾಯ್ದೆ ಇಲ್ಲ. ಅದು ಗೊತ್ತಿದ್ದೂ ನಿಮ್ಮನ್ನ ಅಂಜಿಸಾಕ ಬರದೆ. ದೊಡ್ಡ ಅಕ್ಕೋರಿಗೂ ಗೊತ್ತಿಲ್ಲ. ತಪ್ಪು ನಂದು."

ಅವ್ವ ಒಲೆ ಮುಂದಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಆತ ಮಗಳ ಕಡೆ ತಿರುಗಿ, "ಬಾ ಇಲ್ಲಿ. ಇದರಾಗ ಏನ ಬರದೈತಿ ಪೂರಾ ಓದು" ಎಂದ. ಆಕೆ ಓದಿದಳು. ಹೆಸರು, ಹುಟ್ಟಿದ ತಾರೀಖು, ತಂದೆಯ ಕಸುಬು, ಪರೀಕ್ಷೆಯ ಊರು. "ಇನ್ನೊಮ್ಮೆ ಓದು." ಇನ್ನೊಮ್ಮೆ ಓದಿದಳು. "ಇದು ಖರೇ ಐತೇನು?" ಎಂದು ಕೇಳಿದ. ನನ್ನನ್ನಲ್ಲ, ಆಕೆಯನ್ನು. "ಖರೇ ಐತೆಪಾ" ಎಂದಳು.

ನೂಲಿನ ಬಣ್ಣ ಹತ್ತಿದ್ದ ಹೆಬ್ಬೆಟ್ಟನ್ನು ಧೋತರದ ಅಂಚಿಗೆ ಒರೆಸಿಕೊಂಡು ಒತ್ತಿದ.

ಪರೀಕ್ಷೆ ಗದಗಿನಲ್ಲಿ ಮೂರು ದಿನ. ದಿನಾ ಬೆಳಿಗ್ಗೆ ಎಂದಿನಂತೆ ಕಂಡಕಿ ಸುತ್ತಿ, ಆಮೇಲೆ ನಾನೇ ಹುಡುಗಿಯನ್ನು ನಡೆಸಿಕೊಂಡು ಹೋಗಿ, ಅಂಗಳದ ಬೇವಿನ ಗಿಡದ ಕೆಳಗೆ ಸಂಜೆವರೆಗೆ ಕೂತಿರುತ್ತಿದ್ದೆ. ಮೂರನೇ ದಿನ ಗಡಿಬಿಡಿಯಲ್ಲಿ ಬುತ್ತಿ ಗಂಟು ಅವಳ ಮನೆಯಲ್ಲೇ ಉಳಿದಿತ್ತು. ಮಧ್ಯಾಹ್ನದ ಪತ್ರಿಕೆಗೆ ಹುಡುಗಿ ಹಸಿದು ಕೂಡುವುದು ಬೇಡವೆಂದು, ಆಕೆ ಒಳಗೆ ಹೋದ ಕೂಡಲೇ ಜಲ್ದಿ ಜಲ್ದಿ ಬೆಟಗೇರಿಗೆ ತಿರುಗಿ ನಡೆದೆ. ಶಾಲೆಯ ಹೊತ್ತಿನಲ್ಲಿ ನಾನು ಆ ಮನೆಗೆ ಹೋದದ್ದು ಅದೇ ಮೊದಲು.

ಅವ್ವ ರಾಟಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಒಂದು ಬುಟ್ಟಿ ಕಂಡಕಿ. ಒಂದೊಂದನ್ನೇ ಎತ್ತಿ ನೂಲು ಬಿಚ್ಚುತ್ತಿದ್ದಳು, ಬಿಚ್ಚಿದ ನೂಲನ್ನೇ ಇನ್ನೊಂದು ಕೊಳವೆಗೆ ಬಿಗಿಯಾಗಿ ಸುತ್ತುತ್ತಿದ್ದಳು. ಬುಟ್ಟಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಹೊಟ್ಟೆ ಉಬ್ಬಿದ, ತುದಿ ಸಡಿಲಾದ ಆ ಕಂಡಕಿಗಳು ನನ್ನವೇ. ಇವನ್ನು ಕಾಗೆಯ ಗೂಡು ಅಂದದ್ದರಲ್ಲಿ ತಪ್ಪೇನಿರಲಿಲ್ಲ.

"ಏನಿದು?" ಅಂದೆ.

ಆಕೆ ಬುಟ್ಟಿಯ ಮೇಲೆ ಸೆರಗು ಎಳೆಯಲು ನೋಡಿದಳು. ಆಮೇಲೆ ಕೈ ಬಿಟ್ಟಳು. "ನಿಮ್ಮ ಕಂಡಕಿ ಲಾಳ್ಯಾಗ ನಿಂದ್ರೂದಿಲ್ರೀ ಅಕ್ಕೋರ."

"ಎಂದಿನಿಂದ ಹಿಂಗ ಬಿಚ್ಚಿ ಸುತ್ತಾಕ ಹತ್ತೀರಿ?"

"ನಮ್ಮವ್ರು ಬಯ್ಯೂದು ಬಿಟ್ರಲ್ರೀ, ಅಂದಿನಿಂದ."

ಅಷ್ಟು ತಿಂಗಳು! ದಿನಾ ನಾನು ಹೊರಬಿದ್ದ ಮೇಲೆ ಈ ಹೆಣ್ಣುಮಗಳು ನನ್ನ ನಾಲ್ಕು ತಾಸಿನ ಕೆಲಸ ಬಿಚ್ಚಿ, ಮತ್ತೆ ಮೊದಲಿನಿಂದ ಮಾಡಿದ್ದಳು. ಹುಡುಗಿಯನ್ನು ಶಾಲೆಗೆ ಬಿಡಿಸಿಕೊಟ್ಟವಳು ನಾನೆಂದು ಬೀಗಿದ್ದೆನಲ್ಲ, ಮಗ್ಗಕ್ಕೆ ಉಣಿಸಿದ್ದು ಇವಳ ಕೈ. ನಾನು ಬರದೇ ಇದ್ದಿದ್ದರೆ ಇವಳಿಗೆ ಬಿಚ್ಚುವ ಕೆಲಸವಾದರೂ ತಪ್ಪುತ್ತಿತ್ತು.

"ನನಗ ಒಂದ ಮಾತು ಹೇಳಬೇಕಿಲ್ಲೇನು?" ಎಂದು ಸಿಟ್ಟಿನಿಂದಲೇ ಕೇಳಿದೆ. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ.

ಉತ್ತರ ಕುಣಿಯಿಂದ ಬಂತು. ಆತ ತಲೆ ಎತ್ತದೆ, ಲಾಳಿ ಒಗೆಯುತ್ತಲೇ ಅಂದ. "ಹೇಳಿದ್ರ ನೀವು ಮರುದಿನ ಬರ್ತಿದ್ದಿಲ್ಲ."

"ಪಾಠಕ್ಕ ಬರ್ತಿದ್ದೆ."

"ಪಾಠಕ್ಕ ಬರ್ತಿದ್ರಿ ಬಿಡ್ರಿ" ಎಂದಳು ಅವ್ವ. ನನ್ನ ಮುಖ ನೋಡದೆ, "ಆ ಖೋಲ್ಯಾಗ ಒಬ್ಬರ ಗ್ವಾಡಿ ನೋಡ್ಕೋತ ಕುಂಡ್ರತಾರ, ನಾಕ ತಾಸು ನಮ್ಮಲ್ಲೆ ಕುಂಡ್ರಲಿ ಅಂತ ನಮ್ಮವ್ರ ಅಂದ್ರು. ನೂಲು ಏನ ಎಲ್ಲಿ ಹೊಕ್ಕೈತಿ, ಬಿಚ್ಚಿದ್ರ ಬರತೈತಿ" ಎಂದಳು.

ಬುತ್ತಿ ಗಂಟು ತೆಗೆದುಕೊಂಡು ಹೊರಬಿದ್ದೆ. ಗದಗಿನ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಡೆದೆ, ನೋಡಿದವರು ನೋಡಲಿ ಎಂದು.

ಹುಡುಗಿ ಪಾಸಾದಳು. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಶಿರಹಟ್ಟಿಯ ಕಡೆ ಒಂದು ಊರಲ್ಲಿ ಅಕ್ಕೋರಾದಳು. ಅವಳ ಇಬ್ಬರು ತಂಗಿಯರೂ ಓದಿದರು. ನಾಡು ಒಂದಾದ ವರ್ಷ ನನ್ನನ್ನು ಮುಂಡರಗಿಗೆ ವರ್ಗ ಮಾಡಿದರು, ಅಲ್ಲಿ ಮಗ್ಗದ ಸದ್ದಿಲ್ಲದ ಓಣಿಯಲ್ಲಿ ಮತ್ತೆ ಒಬ್ಬಳೇ ಇದ್ದೆ. ಆದರೆ ಅದೆಲ್ಲ ಆಮೇಲಿನದು. ನನಗೆ ನೆನಪಾಗುವುದು ಪರೀಕ್ಷೆ ಮುಗಿದ ಮರುದಿನ.

ಆರಕ್ಕೆ ಎಚ್ಚರವಾಯಿತು. ಎದ್ದು ಹಾಸಿಗೆಯಲ್ಲೇ ಕೂತೆ. ಹೇಳಲು ಪಾಠ ಉಳಿದಿರಲಿಲ್ಲ. ನನ್ನ ಕಂಡಕಿ ಯಾತಕ್ಕೂ ಬಾರದೆಂದು ಅವರಿಗೂ ಗೊತ್ತು, ಅದು ನನಗೆ ಗೊತ್ತಾಗಿದೆಯೆಂದೂ ಅವರಿಗೆ ಗೊತ್ತು. ಇನ್ನು ಯಾವ ಮುಖ ಹೊತ್ತು ಹೋಗಲಿ? ಮುಖ ತೊಳೆದೆ, ಮತ್ತೆ ಕೂತೆ. ಏಳು ಹೊಡೆಯಿತು. ಬೆರಳಿನ ಚಿಂದಿ ಬಿಚ್ಚಿ ಎಸೆಯಲು ಹೋದವಳು ಎಸೆಯಲಿಲ್ಲ. ಕೀಲಿ ಹಾಕಿ ಹೊರಟೆ.

ಹುಡುಗಿ ಇನ್ನೂ ಮಲಗಿದ್ದಳು. ಮಗ್ಗ ನಡೆದಿತ್ತು. ಹಳೆಯ ರಾಟಿ ದಿನದ ಜಾಗದಲ್ಲೇ ಇತ್ತು, ಅದರ ಮುಂದೆ ಖಾಲಿ ಕೊಳವೆಗಳ ಬುಟ್ಟಿ. ಅವ್ವ ನನ್ನ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇವತ್ಯಾಕ ಇಷ್ಟ ತಡಾ ಮಾಡಿದ್ರಿ ಅಕ್ಕೋರ? ಕುಂಡ್ರಿ."